ತಡವಾಗಿ ಬೀಳುವ ಎಡಗೈ

ದೇವಯ್ಯನವರು ಹೆದರುಪುಕ್ಕಲರೆಂಬುದು ಅವರ ಹೆಂಡತಿ ಮಲ್ಲಿಗಮ್ಮನಿಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ಉಳಿದವರಿಗೆ ಗೊತ್ತಾಗಲು ಇಪ್ಪತ್ತು ವರ್ಷ ಹಿಡಿಯಿತು, ಅಷ್ಟೇ. ಐನೂರು ಜನ ಕೂತ ಸಭೆಯಲ್ಲಿ ಪಿಟೀಲು ಹೆಗಲಿಗೇರಿಸಿ ನಿಂತರೆ ಆ ಮನುಷ್ಯನ ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. ಆದರೆ ಬೀದಿಯಲ್ಲಿ ಖಾಕಿ ಅಂಗಿ ಕಂಡರೆ, ಅದು ಅಂಚೆಯವನದೇ ಆಗಿರಲಿ, ಎದುರಿನ ಪಕ್ಕಕ್ಕೆ ದಾಟಿಬಿಡುತ್ತಿದ್ದರು. ಅಂಥವರಿಗೆ ಎಪ್ಪತ್ತೊಂದನೇ ಇಸವಿಯ ಮೇ ತಿಂಗಳಲ್ಲಿ ವಯನಾಡಿನಿಂದ ಪೊಲೀಸರ ಕಾಗದ ಬಂತು. ಕಾಳನ್ ಎಂಬಾತನ ಗುರುತು ಹಿಡಿಯಬೇಕಾಗಿದೆ. ಟೇಪ್ ರೆಕಾರ್ಡರನ್ನೂ, ರೇಡಿಯೋದಲ್ಲಿ ಕೇಳಿಸಿದ ಟೇಪಿನ ಸ್ಪೂಲನ್ನೂ ತೆಗೆದುಕೊಂಡು ಬೇಗೂರಿನ ಕ್ಯಾಂಪಿಗೆ ಹಾಜರಾಗತಕ್ಕದ್ದು. ಇಷ್ಟೇ ಇದ್ದದ್ದು. ಕಾಗದ ಓದಿದವರು ಬಚ್ಚಲಿಗೆ ಹೋಗಿ ಒಂದು ಗಂಟೆ ಹೊರಗೆ ಬರಲಿಲ್ಲ.

ಮೈಸೂರಿನಿಂದ ಕುಟ್ಟದ ಮೇಲೆ ಮಾನಂತವಾಡಿಗೆ ಹೋಗುವ ಬಸ್ಸಿನಲ್ಲಿ ಅವರು ಕಿಟಕಿ ಪಕ್ಕ ಕೂತಿದ್ದರು. ಮೆಷಿನ್ ತೊಡೆಯ ಮೇಲೆ, ಸ್ಪೂಲ್ ಕೈಚೀಲದಲ್ಲಿ ಎರಡು ಬನಿಯನ್ನುಗಳ ನಡುವೆ. ನಾಗರಹೊಳೆಯ ಸೇತುವೆ ಬಂದಾಗ ಸ್ಪೂಲನ್ನು ನೀರಿಗೆ ಎಸೆದುಬಿಡೋಣ ಅನ್ನಿಸಿತು. ಎಸೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವರು ಎಸೆಯಲಿಲ್ಲ. ಎಸೆದರೆ ಪೊಲೀಸರು ಏನು ಮಾಡುತ್ತಾರೋ ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ, ಆ ಸ್ಪೂಲು ಅವರ ಜೀವಮಾನದ ಸಂಪಾದನೆ. ಸೇತುವೆ ದಾಟಿತು. ತೋಲ್ಪೆಟ್ಟಿಯ ಗೇಟಿನಲ್ಲಿ ಒಬ್ಬ ಪೇದೆ ಬಸ್ಸು ಹತ್ತಿ ಮೆಷಿನ್ನಿನ ಮುಚ್ಚಳ ತೆಗೆಸಿ ನೋಡಿದ. "ಇದೇನು, ಬಾಂಬಾ?" ಅಂದ ತಮಾಷೆಗೆ. ಬಸ್ಸಿನವರೆಲ್ಲ ನಕ್ಕರು. ದೇವಯ್ಯನವರಿಗೆ ಬೆನ್ನೆಲ್ಲ ಒದ್ದೆಯಾಯಿತು.

ಇವರು ವಯನಾಡಿಗೆ ಹೊಸಬರೇನಲ್ಲ. ಹುಟ್ಟಿದ್ದೇ ಬತ್ತೇರಿಯಲ್ಲಿ. ಅಪ್ಪ ಕರಿಯಪ್ಪ ಗುಂಡ್ಲುಪೇಟೆ ಕಡೆಯಿಂದ ಎತ್ತಿನ ಗಾಡಿಯಲ್ಲಿ ರಾಗಿ, ಹೊಗೆಸೊಪ್ಪು ತಂದು ಮಾರುತ್ತಾ ಅಲ್ಲೇ ಅಂಗಡಿ ಹಾಕಿಕೊಂಡವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ. ಹನ್ನೆರಡನೇ ವಯಸ್ಸಿನಲ್ಲಿ ಓದಲೆಂದು ಮೈಸೂರಿನ ಚಿಕ್ಕಪ್ಪನ ಮನೆಗೆ ಹೋದ ಹುಡುಗನಿಗೆ, ಅರಮನೆಯ ಬ್ಯಾಂಡಿನಿಂದ ನಿವೃತ್ತರಾದ ಪಕ್ಕದ ಮನೆಯ ಮುದುಕರೊಬ್ಬರು ಪಿಟೀಲು ಕೊಟ್ಟರು. ಐದು ಗೆರೆ ಎಳೆದು ಕಪ್ಪು ಚುಕ್ಕೆ ಇಡುವ ವಿಲಾಯತಿ ಲಿಪಿ ಕಲಿಸಿದರು. ಹುಡುಗ ಅಲ್ಲಿಂದ ಹಿಂದಿರುಗಲೇ ಇಲ್ಲ. ಕಾಲೇಜಿನಲ್ಲಿ ಸಂಗೀತದ ಮೇಷ್ಟರಾದರು, ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೋ ಸೇರಿಸಿ ನಾಲ್ಕು ವಾದ್ಯಗಳಿಗೆ ಕೃತಿ ಬರೆದರು. ಕಛೇರಿ ಕೇಳಿ ಪಳಗಿದ ಮೈಸೂರಿನ ಜನ ಅದನ್ನು ಕೇಳಿ, "ಚೆನ್ನಾಗಿದೆ ಸಾರ್, ಹಾಡು ಯಾವಾಗ ಶುರುವಾಗುತ್ತೆ?" ಎಂದು ವಿನಯದಿಂದ ಕೇಳುತ್ತಿದ್ದರು.

ಹೀಗೆ ಹದಿನೈದು ವರ್ಷ ಯಾರಿಗೂ ಬೇಡದ ಸಂಗೀತ ಬರೆದ ಮೇಲೆ ಅವರ ದೆಸೆ ತಿರುಗಿದ್ದು ಬೇಗೂರಿನ ಕಾಡಿನಲ್ಲಿ. ಒಂದು ಬೇಸಿಗೆ ರಜೆಗೆ ಬಂದವರು ಕುಳ್ಳನ್ ಎಂಬ ಅಡಿಯ ಬುಡಕಟ್ಟಿನ ಹಿರಿಯನ ತುಡಿ ಕೇಳಿದರು. ತುಡಿ ಅಂದರೆ ನಡು ಸಣ್ಣಗಿರುವ ಪುಟ್ಟ ಚರ್ಮವಾದ್ಯ. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಬರೀ ಬೆರಳು. ಜನ್ಮಿಯ, ಅಂದರೆ ಜಮೀನ್ದಾರನ, ಗದ್ದೆಯಲ್ಲಿ ತಲೆಮಾರಿನಿಂದ ದುಡಿದು ಬೆನ್ನು ಬಾಗಿದ ಆ ಮುದುಕನ ಎಡಗೈ ಪ್ರತಿ ಸಲವೂ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ತಪ್ಪಿ ಬೀಳುವುದಲ್ಲ, ಅಷ್ಟೇ ತಡವಾಗಿ, ಪ್ರತಿ ಸಲವೂ ಅಷ್ಟೇ. ದೇವಯ್ಯನವರು ಅದನ್ನು ಐದು ಗೆರೆಯ ಮೇಲೆ ಬರೆಯಲು ಹೋಗಿ ಮೂರು ನೋಟ್‌ಪುಸ್ತಕ ಹಾಳು ಮಾಡಿದರು. ಯಾವ ಚುಕ್ಕೆಗೂ, ಯಾವ ಬಾಲಕ್ಕೂ ಅದು ಸಿಗಲಿಲ್ಲ.

"ಅದ್ಯಾಕೆ ತಡ?" ಎಂದು ಅವರು ಒಮ್ಮೆ ಕೇಳಿದ್ದರು.

"ಬಲ್ಗೈ ನಂದು ಮಾಷೆ. ಎಡಗೈ ಹಿರೀರ್ದು," ಅಂದಿದ್ದ ಕುಳ್ಳನ್. "ಅವ್ರು ದೂರದಿಂದ ಬರ್ಬೇಕಲ್ಲ. ಸ್ವಲ್ಪ ತಾಮಸ ಆತದೆ."

ಮೂರು ಬೇಸಿಗೆ ಅವನ ಎದುರು ಚಕ್ಕಳಮಕ್ಕಳ ಹಾಕಿ ಕೂತು ದೇವಯ್ಯನವರು ಆ ತಡವನ್ನು ತಮ್ಮ ಕೈಗೂ ಹತ್ತಿಸಿಕೊಂಡರು. ಅರುವತ್ತೊಂಬತ್ತರ ಮಳೆಗಾಲದಲ್ಲಿ ಕುಳ್ಳನ್ ಜ್ವರ ಬಂದು ಸತ್ತ. ಏಳನೇ ದಿನದ ಕ್ರಿಯೆಗೆ ಇವರೂ ಹೋಗಿದ್ದರು. ಮಗ ಕಾಳನ್ ತುಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಕೈ ನಾನು ಇಟ್ಕಳಾ?" ಎಂದು ಕೇಳಿದ. ಸತ್ತವನ ಪರವಾಗಿ ಅವನ ಹೆಂಡತಿ ಚಾತಿ, "ಇಟ್ಕ" ಅಂದಳು. ಅಲ್ಲಿಂದಾಚೆಗೆ ಆ ಕೈ ಕಾಳನದು. ಅದನ್ನು ಕುಳ್ಳನ ಕೈ ಎಂದು ಆ ಮನೆಯಲ್ಲಿ ಯಾರೂ ಬಾಯಿತಪ್ಪಿಯೂ ಹೇಳುವಂತಿಲ್ಲ. ಹೊರಗಿನವರು ಹೇಳಿದರೆ ಗಾಳಿಮಾತು. ಆದರೆ 'ಇಟ್ಕ' ಎಂದು ಕೊಟ್ಟವಳೇ ಒಂದು ಸಲ ಹಾಗೆ ಹೇಳಿಬಿಟ್ಟರೆ, ಸತ್ತವನು ತನ್ನದನ್ನು ವಾಪಸು ತೆಗೆದುಕೊಂಡ ಹಾಗೆ. ಆಮೇಲೆ ಮಗ ತುಡಿ ಮುಟ್ಟುವಂತಿಲ್ಲ, ತುಡಿ ಮಣ್ಣಿಗೆ ಹೋಗಬೇಕು. ದೇವಯ್ಯನವರು ಇದನ್ನೆಲ್ಲ ನೋಟ್‌ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದರು.

ಕುಳ್ಳನ್ ಬದುಕಿದ್ದಾಗ ಅವರ ಬಳಿ ಮೆಷಿನ್ ಇರಲಿಲ್ಲ. ಅದು ಬಂದದ್ದು ಎಪ್ಪತ್ತರಲ್ಲಿ. ಎಪ್ಪತ್ತೊಂದರ ಫೆಬ್ರವರಿಯಲ್ಲಿ, ಒಂದು ಮಂಗಳವಾರ ಸಂಜೆ ಐದೂವರೆಗೆ, ಬೇಗೂರಿನ ಅರಣ್ಯ ಬಂಗಲೆಯ ಜಗಲಿಯಲ್ಲಿ ಕೂತು ಗುಡ್ಡದ ಮೇಲಿಂದ ಬರುತ್ತಿದ್ದ ಕಾಳನ ತುಡಿಯನ್ನು ಅವರು ಟೇಪಿಗೆ ಹಿಡಿದರು. ಮೈಸೂರಿಗೆ ಹೋಗಿ ಅದರ ಸುತ್ತ ನಾಲ್ಕು ವಾದ್ಯಗಳಿಗೆ 'ಬೇಗೂರಿನ ಸಂಜೆ' ಬರೆದರು. ಆ ತಡವನ್ನು ಬರೆಯಲು ಬರುವುದಿಲ್ಲವಾದ್ದರಿಂದ ಟೇಪನ್ನೇ ಐದನೇ ವಾದ್ಯವಾಗಿಸಿದರು. ಈ ಸಲ ಯಾರೂ ಹಾಡು ಯಾವಾಗ ಶುರು ಎಂದು ಕೇಳಲಿಲ್ಲ. ಜರ್ಮನಿಯ ಒಂದು ಸಂಗೀತ ಶಾಲೆ ಎರಡು ವರ್ಷ ಬಂದು ಪಾಠ ಮಾಡಿ ಎಂದು ಕರೆಯಿತು. ವಿಭಾಗದ ಮುಖ್ಯಸ್ಥರ ಕುರ್ಚಿ ಜೂನ್ ತಿಂಗಳಲ್ಲಿ ಖಾಲಿಯಾಗುವುದಿತ್ತು, ಅದೂ ಇವರಿಗೇ ಎಂದು ಜವಾನರಿಗೆ ಸಹಿತ ಗೊತ್ತಿತ್ತು.

ಇನ್ನು ಅವರು ಮಾಡಿದ ತಪ್ಪು. ಎಂಥ ತಪ್ಪು ಅಂತೀರಿ, ಸಂಗೀತದ ಮೇಷ್ಟರು ಮಾತ್ರ ಮಾಡಬಹುದಾದಂಥದ್ದು. ಏಪ್ರಿಲ್ಲಿನಲ್ಲಿ ಕೃತಿ ರೇಡಿಯೋದಲ್ಲಿ ಬಂದಾಗ ಮೊದಲು ಐದು ನಿಮಿಷ ಅವರೇ ಮಾತಾಡಿದರು. ಕಾಡಿನ ಜನರಿಂದ ಕದ್ದು ಹೆಸರು ಹೇಳದ ಪೈಕಿ ನಾನಲ್ಲ ಎಂಬ ಹೆಮ್ಮೆ ಅವರಿಗೆ. ಆದ್ದರಿಂದ ಎಲ್ಲ ಹೇಳಿದರು. ಬಾರಿಸಿದವನು ಕಾಳನ್, ಕುಳ್ಳನ ಮಗ. ಜಾಗ ಬೇಗೂರಿನ ಗುಡ್ಡ. ತಾರೀಕು ಇಂಥದ್ದು, ಸಮಯ ಸಂಜೆ ಐದೂವರೆಯಿಂದ ಆರೂ ಹತ್ತರವರೆಗೆ. ಗಾಳಿ ಪಶ್ಚಿಮದಿಂದ. ಎಡಗೈ ಕೂದಲೆಳೆ ತಡ, ಅದರಿಂದ ಅವನನ್ನು ನೂರು ಜನರ ನಡುವೆ ಗುರುತಿಸಬಹುದು. ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದರು.

ಟೇಪು ಹಿಡಿದ ಆ ಫೆಬ್ರವರಿಯ ಸಂಜೆಯೇ, ಆ ಗುಡ್ಡದ ಬುಡದಲ್ಲಿದ್ದ ಜನ್ಮಿಯೊಬ್ಬನ ಮನೆಗೆ ನಕ್ಸಲರು ನುಗ್ಗಿದ್ದರು. ಜನ್ಮಿ ಸತ್ತಿದ್ದ. ಬೆಟ್ಟದ ಮೇಲೆ ತುಡಿ ಕೇಳುತ್ತಿತ್ತು, ತುಡಿ ನಿಂತ ಕೂಡಲೇ ಅವರು ಒಳಗೆ ಬಂದರು ಎಂದು ಮನೆಯವರು ಹೇಳಿದ್ದರು. ತುಡಿ ಯಾರದೆಂದು ಎರಡು ತಿಂಗಳಿಂದ ಪೊಲೀಸರಿಗೆ ಗೊತ್ತಾಗಿರಲಿಲ್ಲ. ಈಗ ಗೊತ್ತಾಯಿತು. ಆ ಪ್ರಕರಣದಲ್ಲಿ ಹಿಡಿದ ಇಬ್ಬರನ್ನು ಜಾಗ ತೋರಿಸಲೆಂದು ಕಾಡಿಗೆ ಕರೆದೊಯ್ದಿದ್ದರಂತೆ, ಅವರು ನಡೆದುಕೊಂಡು ವಾಪಸು ಬರಲಿಲ್ಲ. ಇದು ಬೇಗೂರಿನ ಚಹಾದಂಗಡಿಯಲ್ಲಿ ದೇವಯ್ಯನವರಿಗೆ ಸಿಕ್ಕ ಸುದ್ದಿ. ಅರ್ಧ ಲೋಟ ಚಹಾ ಅಲ್ಲೇ ಬಿಟ್ಟು ಅವರು ಎದ್ದರು.

ಕ್ಯಾಂಪು ಇದ್ದದ್ದು ಬೇಸಿಗೆ ರಜೆಯ ಶಾಲೆಯಲ್ಲಿ. ಗೇಟಿನ ಹೊರಗೆ, ನೆಲ್ಲಿಮರದ ಬುಡದಲ್ಲಿ, ಚಾತಿ ಕೂತಿದ್ದಳು. ನಾಲ್ಕು ದಿನದಿಂದ ಅಲ್ಲೇ ಇದ್ದಾಳೆಂದು ಸೆರಗಿನ ಮಣ್ಣೇ ಹೇಳುತ್ತಿತ್ತು. ಅವಳು ಇವರನ್ನು ನೋಡಿದಳು, ಕೈಯಲ್ಲಿದ್ದ ಪೆಟ್ಟಿಗೆಯನ್ನೂ ನೋಡಿದಳು.

"ಮಾಷೆ, ನೀನು ರೇಡಿಯೋದಲ್ಲಿ ಅವನ ಪೇರು ಹೇಳ್ದ್ಯಂತಲ್ಲ?"

ದೇವಯ್ಯನವರು ತಲೆಯಾಡಿಸಿದರು.

"ಯಾಕೆ ಹೇಳ್ದೆ?"

ಕಲಾವಿದನಿಗೆ ಸಲ್ಲಬೇಕಾದ ಗೌರವ ಎಂಬ ಮಾತು ಅವರ ನಾಲಿಗೆಯ ತುದಿಗೆ ಬಂತು. ಪುಣ್ಯಕ್ಕೆ ಹೊರಗೆ ಬರಲಿಲ್ಲ. ಪೇದೆ ಗೇಟು ತೆರೆದ, ಅವರು ತಲೆ ತಗ್ಗಿಸಿ ಒಳಗೆ ಹೋದರು.

ಇನ್ಸ್‌ಪೆಕ್ಟರ್ ಕೃಷ್ಣನ್ ಮೂರನೇ ತರಗತಿಯ ಕೋಣೆಯಲ್ಲಿ ಕೂತಿದ್ದ. ಹಿಂದೆ ಕರಿಹಲಗೆಯ ಮೇಲೆ ಏಳರ ಮಗ್ಗಿ ಇನ್ನೂ ಅಳಿಸದೆ ಉಳಿದಿತ್ತು. ಗದರುವ ಮನುಷ್ಯನಿರಬಹುದೆಂದುಕೊಂಡಿದ್ದ ದೇವಯ್ಯನವರಿಗೆ ಅವನ ಸೌಜನ್ಯ ನೋಡಿ ಇನ್ನಷ್ಟು ಹೆದರಿಕೆಯಾಯಿತು. ಕುರ್ಚಿ ಹಾಕಿಸಿದ, ಜೀರಿಗೆ ನೀರು ಕೊಡಿಸಿದ. ಮಾತೆಲ್ಲ ಮಲಯಾಳದಲ್ಲಿ.

"ನಿಮ್ಮ ಕಾರ್ಯಕ್ರಮ ನಾನೇ ಕೇಳಿದ್ದು ಮಾಷ್. ಹೆಂಡತಿ ಕಾಸರಗೋಡಿನವಳು, ಮನೆಯಲ್ಲಿ ಕನ್ನಡ ರೇಡಿಯೋ ಹಾಕಿಬಿಡುತ್ತಾಳೆ. ಪಿಟೀಲು ನನಗೆ ಅರ್ಥವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ತುಡಿ ಅರ್ಥವಾಯಿತು. ನಾವು ಚೆಂಡೆ ಬಾರಿಸುವ ಮನೆಯವರು. ನಾನೂ ಹದಿನಾರು ವರ್ಷದವರೆಗೆ ಮಾವನ ಹಿಂದೆ ನಿಂತು ಬಾರಿಸಿದವನೇ."

ದೇವಯ್ಯನವರು ಜೀರಿಗೆ ನೀರಿನ ಲೋಟ ಕೆಳಗಿಟ್ಟರು. ಬಸ್ಸಿನುದ್ದಕ್ಕೂ ಅವರಿಗಿದ್ದ ಒಂದೇ ಒಂದು ಧೈರ್ಯವೆಂದರೆ, ಪೊಲೀಸರಿಗೆ ತಾಳದ ಗಂಧ ಇರುವುದಿಲ್ಲ, ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದು ಎಂಬುದು. ಆ ಬಾಗಿಲೂ ಮುಚ್ಚಿತು.

ಕೃಷ್ಣನ್ ಒಂದು ಕಾಗದ ಮುಂದಿಟ್ಟ. ಟೇಪಿನಲ್ಲಿರುವ ವಾದನ ಈ ಕಾಳನದೇ ಎಂದು ನಾನು ದೃಢೀಕರಿಸುತ್ತೇನೆ. ಕೆಳಗೆ ಸಹಿಗೆ ಜಾಗ. "ಮೊದಲು ಇಬ್ಬರೂ ಕೇಳೋಣ. ಆಮೇಲೆ ಸಹಿ. ಮಧ್ಯಾಹ್ನದ ಬಸ್ಸು ನಿಮಗೆ ಸಿಗುತ್ತದೆ."

ಕಾಳನನ್ನು ಅಂಗಳಕ್ಕೆ ತಂದರು. ಒಂದು ಕಣ್ಣು ಊದಿ ಮುಚ್ಚಿತ್ತು, ನಡಿಗೆಯಲ್ಲಿ ಒಂದು ಕಾಲು ಎಳೆಯುತ್ತಿತ್ತು. ಕೈಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಕೈ ಬೇಕಾಗಿತ್ತಲ್ಲ, ಜೋಪಾನ ಮಾಡಿದ್ದರು. ಅವನ ಮನೆಯಿಂದಲೇ ತಂದ ತುಡಿಯನ್ನು ಮುಂದಿಟ್ಟು, ಬಾರಿಸು ಅಂದರು.

ಕೆಟ್ಟದಾಗಿ ಬಾರಿಸೋ ಮಾರಾಯ, ಎಂದು ದೇವಯ್ಯನವರು ಒಳಗೊಳಗೇ ಬೇಡಿಕೊಂಡರು. ಕೈ ನೋಯುತ್ತದೆ ಅನ್ನು. ಎರಡೂ ಕೈ ಒಟ್ಟಿಗೆ ಬೀಳಿಸು. ಇಷ್ಟು ವರ್ಷ ವಿದ್ಯಾರ್ಥಿಗಳಿಗೆ ಸರಿಯಾಗಿ ಬಾರಿಸಿ ಎಂದು ಗಂಟಲು ಹರಿದುಕೊಂಡ ಮೇಷ್ಟರು, ಮೊದಲ ಸಲ ಒಬ್ಬನು ತಪ್ಪಲಿ ಎಂದು ದೇವರಿಗೆ ಹರಕೆ ಹೊತ್ತರು. ಕಾಳನ್ ಕೂತ. ತುಡಿಯ ಚರ್ಮವನ್ನು ಬಿಸಿಲಿಗೆ ಹಿಡಿದು ಕಾಯಿಸಿದ, ಹಣೆಗೆ ಮುಟ್ಟಿಸಿಕೊಂಡ, ಬಾರಿಸಿದ. ಎಡಗೈ ಕೂದಲೆಳೆ ತಡವಾಗಿ ಬಿತ್ತು. ಮತ್ತೆ ಬಿತ್ತು. ತುಡಿಯ ಮೇಲೆ ಸುಳ್ಳು ಬಾರಿಸಲು ಅವನಿಗೆ ಬರುತ್ತಿರಲಿಲ್ಲ. ಹಿರಿಯರು ಬರುತ್ತಿದ್ದಾರೆ, ಅವರನ್ನು ಬೇಗ ಬನ್ನಿ ಅನ್ನಲು ಇವನು ಯಾರು.

ಆಮೇಲೆ ಟೇಪು. ದೇವಯ್ಯನವರು ಸ್ಪೂಲನ್ನು ಎರಡು ಸಲ ಮೆಷಿನ್ನಿನ ಮೊಳೆ ತಪ್ಪಿಸಿದರು, ಹಾಕಲು ಪೇದೆ ನೆರವಾಗಬೇಕಾಯಿತು. ಕೃಷ್ಣನ್ ಕಣ್ಣು ಮುಚ್ಚಿ ಕೇಳಿದ. ಮೇಜಿನ ಮೇಲೆ ಅವನ ಬೆರಳು ತಾನಾಗಿ ಆಡುತ್ತಿತ್ತು, ತಡದ ಜಾಗದಲ್ಲಿ ನಿಂತು ಕಾಯುತ್ತಿತ್ತು.

"ಒಂದೇ ಕೈ," ಅಂದ ಕಣ್ಣು ತೆರೆದು. "ಸಹಿ ಹಾಕಿ ಮಾಷ್."

ಪೆನ್ನು ಕೈಗೆ ಬಂತು. ಇಲ್ಲಿ ನಾನು ನಿಜ ಹೇಳಿಬಿಡಬೇಕು. ದೇವಯ್ಯನವರು ಸಹಿ ಹಾಕಲೆಂದೇ ಪೆನ್ನು ಹಿಡಿದರು. ಅವರಿಗೆ ಮನೆ ನೆನಪಾಯಿತು, ಮಲ್ಲಿಗಮ್ಮ ಮಾಡುವ ಸಾರು ನೆನಪಾಯಿತು. ಇನ್ನು ಒಂದು ಗೆರೆ ಎಳೆದರೆ ಈ ಖಾಕಿಯಿಂದ ದೂರ ಹೋಗಬಹುದು. ಆಗ ಕಾಳನ್ ತಲೆಯೆತ್ತಿ, ತೆರೆದಿದ್ದ ಒಂದು ಕಣ್ಣಿನಲ್ಲಿ ಅವರನ್ನು ನೋಡಿದ. ಬೈಗುಳವಿಲ್ಲ, ಬೇಡಿಕೆಯಿಲ್ಲ. ಮೂರು ಬೇಸಿಗೆ ಅಪ್ಪನ ಪಕ್ಕ ಕೂತು ಇವರ ತಪ್ಪು ತಾಳಕ್ಕೆ ನಗುತ್ತಿದ್ದವನು ನೋಡುವ ಹಾಗೆ ನೋಡಿದ. ಈ ಪೆನ್ನಿನಿಂದ ಅವನು ಸಾಯುತ್ತಾನೆ ಎಂಬುದು ದೇವಯ್ಯನವರಿಗೆ ಆಗ ಗೊತ್ತಾಯಿತು.

"ಇದು ಇವನಲ್ಲ," ಎಂದು ಯಾರೋ ಅಂದರು. ಅಂದದ್ದು ತಾವೇ ಎಂದು ತಿಳಿಯಲು ಅವರಿಗೆ ಒಂದು ಕ್ಷಣ ಬೇಕಾಯಿತು.

"ಏನೆಂದಿರಿ?"

"ಟೇಪಿನಲ್ಲಿರುವುದು ಇವನ ಅಪ್ಪ, ಕುಳ್ಳನ್. ಸತ್ತು ಎರಡು ವರ್ಷವಾಯಿತು. ಅವನದೇ ಕೈ ಇವನಿಗೆ ಬಂದದ್ದು. ನಿಮ್ಮ ಮನೆಯಲ್ಲೂ ಹಾಗೇ ಇರಬೇಕಲ್ಲ, ಮಾವನ ಕೈ ಸೋದರಳಿಯನಿಗೆ."

ಚೆಂಡೆ ಮನೆಯವನಿಗೆ ಆ ಮಾತು ಎಲ್ಲೋ ತಾಗಿತ್ತು. "ರೇಡಿಯೋದಲ್ಲಿ ತಾರೀಕು ಹೇಳಿದಿರಿ. ಹೆಸರು ಹೇಳಿದಿರಿ."

"ಸುಳ್ಳು ಹೇಳಿದೆ. ಹಳೆಯ ಟೇಪು ಅಂದರೆ ಕೇಳುವವರಿಗೆ ಸಪ್ಪೆ. ಹೊಸದು ಅಂದೆ."

"ಮೆಷಿನ್ ಯಾವಾಗ ಕೊಂಡದ್ದು?"

ದೇವಯ್ಯನವರು ಮೇಜಿನ ಮೇಲಿದ್ದ ಮೆಷಿನ್ನನ್ನು ನೋಡಿದರು. "ಆಗ ಗೆಳೆಯರೊಬ್ಬರ ಮೆಷಿನ್ನು. ಅವರು ತೀರಿಕೊಂಡರು," ಅಂದರು. ಸತ್ತವರ ಮೇಲೆ ಹಾಕುವುದು ಒಂದು ಸಲ ಶುರುವಾದರೆ ಸಲೀಸು.

ದೇವಯ್ಯನವರ ಕಾಲು ಮೇಜಿನಡಿ ಕುಣಿಯುತ್ತಿತ್ತು, ಅದನ್ನು ನಿಲ್ಲಿಸಲು ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. "ಹೊರಗೆ ಇವನ ತಾಯಿ ಇದ್ದಾಳೆ," ಅಂದ ಇನ್ಸ್‌ಪೆಕ್ಟರ್. "ಗಂಡನ ಕೈ ಹೆಂಡತಿಗೆ ಗೊತ್ತಿರುತ್ತದೆ. ನೀವೂ ಇವನೂ ಬಾಯಿ ಬಿಡಕೂಡದು. ಬಿಟ್ಟರೆ ಇಬ್ಬರೂ ಒಳಗೆ."

ಇಲ್ಲಿಯವರೆಗೆ ದೇವಯ್ಯನವರು ಹೆದರಿದ್ದು ತಮಗಾಗಿ. ಈಗ ಬೇರೆ ಥರ ಹೆದರಿದರು. ತಾವು ಆಡಿದ ಸುಳ್ಳು ಹೊರಗಿನವರ ಗಾಳಿಮಾತು, ಅದರಿಂದ ತುಡಿಗೆ ಏನೂ ಆಗದು. ಆದರೆ ಅದೇ ಮಾತನ್ನು ಚಾತಿ ಹೇಳಿದರೆ? ಎರಡು ಗೆರೆ ಎಳೆದು ಬರೆದುಕೊಂಡದ್ದು ಕಣ್ಣ ಮುಂದೆ ಬಂತು. ಹೇಳಿದರೆ ಮಗನ ಕೈ ಹೋಗುತ್ತದೆ, ಹೇಳದಿದ್ದರೆ ಮಗನೇ ಹೋಗುತ್ತಾನೆ. ಅವಳಿಗೆ ಒಳಗೆ ನಡೆದದ್ದೇನೂ ಗೊತ್ತಿಲ್ಲ, ಸನ್ನೆ ಮಾಡುವಂತಿಲ್ಲ.

ಚಾತಿ ಬಂದು ಬಾಗಿಲ ಬಳಿ ನಿಂತಳು. ಮೊದಲು ಮಗನ ಊದಿದ ಕಣ್ಣು ನೋಡಿದಳು. ಟೇಪು ತಿರುಗಿತು. ಮೂರು ತಿಂಗಳ ಹಿಂದಿನ ಆ ಸಂಜೆ, ಗುಡ್ಡ, ದೂರದಲ್ಲಿ ಯಾರದೋ ನಾಯಿ, ಅದರ ನಡುವೆ ತುಡಿ. ಅವಳ ಮಗ ಬಾರಿಸಿದ್ದು, ಗುಡ್ಡದ ಮೇಲಿನ ಅವಳ ಅಂಗಳದಲ್ಲೇ ಬಾರಿಸಿದ್ದು.

"ಯಾರ ಕೈ ಇದು?" ಎಂದು ಕೇಳಿದ ಕೃಷ್ಣನ್.

"ಮಾಷ್ ಏನು ಹೇಳ್ದ್ರು?" ಅಂದಳು.

"ಅವರದು ಬೇಡ. ನೀನು ಹೇಳು."

"ಇನ್ನೊಂದು ಸಲ ಹಾಕ್ಸಿ ಸಾರೆ. ಕಿವಿ ಮಂದ."

ಅವಳ ಕಿವಿ ಮಂದವಲ್ಲ. ಕಾಡಿನಲ್ಲಿ ಎಲೆ ಬಿದ್ದರೆ ಯಾವ ಮರದ್ದೆಂದು ಹೇಳುವವಳು. ಟೇಪು ಎರಡನೇ ಸಲ ತಿರುಗಿತು. ಚಾತಿ ಸುತ್ತ ಕಣ್ಣು ಹಾಯಿಸಿದಳು. ಮೇಜಿನ ಮೇಲೆ ಸಹಿಯಿಲ್ಲದ ಕಾಗದ. ಕುರ್ಚಿಯಲ್ಲಿ ಮೊಣಕಾಲು ಒತ್ತಿ ಹಿಡಿದು ಕೂತ ಮೇಷ್ಟರು. ಅಂಗಳದಲ್ಲಿ ಮಗ, ಅವನ ತೊಡೆಯ ಮೇಲೆ ತುಡಿ. ಆ ಕೈ ಇದ್ದವರು ಆ ಮನೆಯಲ್ಲಿ ಇಬ್ಬರೇ, ಅವರಲ್ಲಿ ಪೊಲೀಸರು ಹಿಡಿಯಲಾಗದವನು ಒಬ್ಬನೇ. ಅವಳು ಅಲ್ಲಿಗೆ ತಾನಾಗಿಯೇ ಬಂದು ಮುಟ್ಟಿದಳು.

"ಇದು ನನ್ನ ಗಂಡಂದು," ಅಂದಳು. ದನಿ ಗಟ್ಟಿಯಾಗಿತ್ತು. "ಕುಳ್ಳನ್ ಕೈ."

ಕಾಳನ ಬಾಯಿಂದ ಸಣ್ಣದೊಂದು ಸದ್ದು ಬಂತು. ನಾಲ್ಕು ದಿನ ಹೊಡೆದಾಗ ಬಾರದ ಸದ್ದು ಎಂದು ಪೇದೆಯ ಮುಖ ನೋಡಿದರೆ ತಿಳಿಯುತ್ತಿತ್ತು. ಅವನು ತುಡಿಯನ್ನು ತೊಡೆಯಿಂದ ಇಳಿಸಿ, ನೆಲದ ಮೇಲೆ ಮಗುಚಿ ಇಟ್ಟು, ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡು ಬಾಗಿ ಕೂತ. ಬೆನ್ನು ಅಲುಗುತ್ತಿತ್ತು.

ಕೃಷ್ಣನ್ ಅದನ್ನು ನೋಡಿದ. ಅವನ ಮುಖ ಸ್ವಲ್ಪ ಸಡಿಲವಾಯಿತು. "ಅಪ್ಪನ ತುಡಿ ಕೇಳಿ ಅಳುತ್ತಿದ್ದಾನೆ," ಅಂದ ಮೆಲ್ಲಗೆ. "ಇದೊಂದು ಸುಳ್ಳಾಗಲಾರದು." ತಪ್ಪಾಗಿ ತಿಳಿದದ್ದರಿಂದಲೇ ಅವನು ನಂಬಿದ. ದೇವಯ್ಯನವರ ಮಾತಿನಿಂದಲ್ಲ, ಚಾತಿಯ ಮಾತಿನಿಂದಲೂ ಅಲ್ಲ, ಆ ಅಲುಗುವ ಬೆನ್ನಿನಿಂದ.

ಮೇಷ್ಟರನ್ನು ಮಾತ್ರ ಅವನು ಸುಮ್ಮನೆ ಬಿಡಲಿಲ್ಲ. ರೇಡಿಯೋದಲ್ಲಿ ಹೆಸರು, ತಾರೀಕು ಎಲ್ಲ ಕಟ್ಟಿ ಹೇಳಿದ್ದು, ನನ್ನ ಕೃತಿಯ ವಿವರಣೆ ಸುಳ್ಳು, ಎಂದು ಅವರ ಕೈಯಲ್ಲೇ ಬರೆಸಿದ. ಒಂದು ಪ್ರತಿ ರೇಡಿಯೋದವರಿಗೆ, ಒಂದು ಕಾಲೇಜಿಗೆ. ದೇವಯ್ಯನವರು ಬರೆದರು. ಹೆದರಿಕೆಯಲ್ಲಿ ಅಕ್ಷರಗಳು ಓರೆಕೋರೆಯಾದವು, ಮತ್ತೆ ಬರೆಯಿಸಿದ. "ಸತ್ತವನ ಟೇಪು ನನಗ್ಯಾಕೆ, ತೆಗೆದುಕೊಂಡು ಹೋಗಿ," ಎಂದು ಸ್ಪೂಲನ್ನು ಮಾತ್ರ ಹಿಂದಕ್ಕೆ ಕೊಟ್ಟ.

ಕಾಳನನ್ನು ಬಿಟ್ಟರು, ತುಡಿಯನ್ನೂ ಕೊಟ್ಟರು. ಮೂವರೂ ಮಧ್ಯಾಹ್ನದ ಬಿಸಿಲಲ್ಲಿ ಹಾಡಿಯ ಕಡೆ ನಡೆದರು. ಕಾಳನ್ ಮುಂದೆ, ಕಾಲು ಎಳೆಯುತ್ತಾ. ಚಾತಿಯ ತೋಳಲ್ಲಿ ತುಡಿ. ಹಿಂದಿನಿಂದ ಜೀಪು ಬರುತ್ತದೇನೋ ಎಂದು ದೇವಯ್ಯನವರು ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದರು. ಆ ಸಂಜೆ ಯಾಕೆ ಬಾರಿಸಿದೆ, ಯಾಕೆ ನಿಲ್ಲಿಸಿದೆ ಎಂದು ಕಾಳನನ್ನು ಕೇಳುವ ಧೈರ್ಯ ಅವರಿಗೆ ಬರಲಿಲ್ಲ. ಇವತ್ತಿಗೂ ಕೇಳಿಲ್ಲ.

ಕುಳ್ಳನನ್ನು ಹೂತ ಜಾಗದಲ್ಲಿ ಕಾಳನ್ ಗುಂಡಿ ತೋಡಿದ. ಚಾತಿ ತುಡಿಯನ್ನು ಅದರಲ್ಲಿಟ್ಟು, ಕೈ ಚಾಚಿ ದೇವಯ್ಯನವರತ್ತ ತಿರುಗಿದಳು.

"ಅದನ್ನೂ ತಾ ಮಾಷೆ."

ಅವರಿಗೆ ಅರ್ಥವಾಯಿತು. ಆದರೂ ಕೈಚೀಲವನ್ನು ಎದೆಗೆ ಒತ್ತಿಕೊಂಡರು. ಇಷ್ಟೆಲ್ಲ ಆದ ಮೇಲೂ ಆ ಮನುಷ್ಯನಿಗೆ ಜರ್ಮನಿ ನೆನಪಾಯಿತು ನೋಡಿ. "ಚಾತೀ, ನಂಗೆ ಇದೊಂದೇ ಇರೋದು. ಇದು ಹೋದ್ರೆ ಆ ಕೈ ಎಲ್ಲೂ ಉಳಿಯಲ್ಲ."

"ನಂಗೂ ಅವನೊಬ್ಬನೇ ಇರೋದು," ಅಂದಳು ಚಾತಿ. "ಸತ್ತವ್ನು ವಾಪಸ್ ತಗಂಡದ್ದು ಹೊರಗೆ ಉಳಿದ್ರೆ, ಹುಡುಕ್ಕಂಡು ಬತ್ತಾನೆ. ಬಂದು ಯಾರನ್ನ ಹಿಡೀತಾನೆ, ಹೇಳು."

ಅವರು ಕೊಟ್ಟರು. ಮಣ್ಣು ಮುಚ್ಚಿದ ಮೇಲೆ ಕಾಳನ್ ಮೊದಲ ಸಲ ಮಾತಾಡಿದ. "ನಿನ್ನ ಕೈಲೂ ಉಂಟಲ್ಲ ಮಾಷೆ ಅದು. ಅಪ್ಪ ಕೊಟ್ಟಿದ್ದ."

"ಬಾರಿಸಲ್ಲ," ಅಂದರು ದೇವಯ್ಯನವರು. "ಅದನ್ನ ಬರೆಯೋದೂ ಇಲ್ಲ."

"ಪೇಡಿ ಪಡಬ್ಯಾಡ," ಅಂದಳು ಚಾತಿ, ಹೆದರಬೇಡ ಎಂದು ಮಗುವಿಗೆ ಹೇಳುವಂತೆ.

ಮೈಸೂರಿನಲ್ಲಿ ಆದದ್ದನ್ನು ಉದ್ದಕ್ಕೆ ಹೇಳುವುದಿಲ್ಲ. ರೇಡಿಯೋದವರು ಸುಳ್ಳುಗಾರನ ಕೃತಿ ಬೇಡವೆಂದು ತಮ್ಮ ಪ್ರತಿಯನ್ನು ಅಳಿಸಿ ಅದರ ಮೇಲೆ ಬೇರೇನೋ ತುಂಬಿದರು. ಜರ್ಮನಿಯಿಂದ ಎರಡು ಸಾಲಿನ ಕಾಗದ ಬಂತು. ಕುರ್ಚಿ ಇನ್ನೊಬ್ಬರಿಗೆ ಹೋಯಿತು. ದೇವಯ್ಯನವರು ಪಾಠ ಮಾಡುವುದನ್ನು ಬಿಡಲಿಲ್ಲ, ಬರೆಯುವುದನ್ನೂ ಬಿಡಲಿಲ್ಲ; ಮತ್ತೆ ಯಾರಿಗೂ ಬೇಡದ ಸಂಗೀತ. ರಾತ್ರಿ ಬಾಗಿಲು ಬಡಿದ ಸದ್ದಾದರೆ ಮಲ್ಲಿಗಮ್ಮನೇ ಹೋಗಿ ತೆಗೆಯಬೇಕಿತ್ತು.

ಏಳು ವರ್ಷದ ಮೇಲೆ ಚಾತಿ ಸತ್ತ ಸುದ್ದಿ ಬಂತು. ಏಳನೇ ದಿನಕ್ಕೆ ಅವರು ಹೋದರು. ತೋಲ್ಪೆಟ್ಟಿ ಗೇಟಿನಲ್ಲಿ ಯಾರೂ ತಡೆಯದಿದ್ದರೂ ಅಂಗಿ ಒದ್ದೆಯಾಗಿತ್ತು. ತಾಯಿಯ ಕ್ರಿಯೆಗೆ ತುಡಿ ಬಾರಿಸಬೇಕಾದವನು ಮಗ. ಆ ಮನೆಯ ಮಗ ಬಾರಿಸುವಂತಿಲ್ಲವಾದ್ದರಿಂದ ವೆಳ್ಳಮುಂಡದ ಕಡೆಯಿಂದ ಕೇತನ್ ಎಂಬವನನ್ನು ಕರೆಸಿದ್ದರು. ಶಾಲೆಯ ಬಾಗಿಲಲ್ಲಿ ನಿಂತು ಟೇಪನ್ನು ಎರಡು ಸಲ ಹಾಕಿಸಿದಾಗ ಅವಳಿಗೆ ಇದೂ ಗೊತ್ತಿತ್ತು ಎಂಬುದು ದೇವಯ್ಯನವರಿಗೆ ಹೊಳೆದದ್ದು ಈಗ. ತನ್ನ ಸಾವಿಗೆ ಮಗನ ತುಡಿ ಇರುವುದಿಲ್ಲ ಎಂದು ತಿಳಿದೇ ಅವಳು ಆ ಮಾತು ಆಡಿದ್ದಳು.

ಕೇತನ್ ಒಳ್ಳೆಯ ಕೈಯವನೇ. ಎರಡೂ ಕೈ ಒಟ್ಟಿಗೆ, ಚೊಕ್ಕಟವಾಗಿ ಬೀಳುತ್ತಿದ್ದವು. ದೇವಯ್ಯನವರು ಕಾಳನ ಪಕ್ಕ ಚಾಪೆಯ ಮೇಲೆ ಕೂತು ಕೇಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ, ಅವರ ಎಡಗೈಯ ಬೆರಳು ಮೊಣಕಾಲ ಮೇಲೆ ತನ್ನಷ್ಟಕ್ಕೆ ಬೀಳುತ್ತಿತ್ತು, ಕೇತನ ಪೆಟ್ಟಿಗಿಂತ ಕೂದಲೆಳೆ ತಡವಾಗಿ. ಸತ್ತವನು ಹುಡುಕಿಕೊಂಡು ಬರುತ್ತಾನೆ ಎಂಬ ಚಾತಿಯ ಮಾತು ಅವರಿಗೆ ನೆನಪಾಯಿತು. ನಿಲ್ಲಿಸಬೇಕೆಂದುಕೊಂಡರು, ಬೆರಳು ಕೇಳಲಿಲ್ಲ.

ಕಾಳನ್ ತುಡಿಯ ಕಡೆಗೇ ನೋಡುತ್ತಾ ಕೈ ಚಾಚಿ, ಆ ಬೆರಳುಗಳ ಮೇಲೆ ತನ್ನ ಅಂಗೈ ಇಟ್ಟ. ತುಡಿ ನಿಲ್ಲುವವರೆಗೂ ತೆಗೆಯಲಿಲ್ಲ.